ಮಳೆಗಾಲದ ಗೊಬ್ಬರಕ್ಕೆ ಫೆಬ್ರವರಿಯಲ್ಲೇ ಎಲೆ ಗುಡಿಸಬೇಕು

"ಜುಲೈ ಬರಲಿ, ಆಮೇಲೆ ಮಾತಾಡೋಣ" ಎಂದು ನಮ್ಮ ಸೊಸೈಟಿಯ ಚೇರ್ಮನ್ ಅಂಕಲ್ ನಕ್ಕಿದ್ದರು, ಹಸಿ ಕಸದಿಂದ ನಾವೇ ಗೊಬ್ಬರ ಮಾಡುತ್ತೇವೆ, ನಾತ ಬರಲ್ಲ ಅಂದಾಗ. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಎರಡನೇ ವರ್ಷವೂ ಅಷ್ಟೇ. ಕಳೆದ ಜುಲೈಯಲ್ಲಿ ಮಾತ್ರ ಅವರು ಎರಡು ಸಲ ಟಾರ್ಚ್ ಹಿಡಿದು ಬಂದು ಗೊಬ್ಬರದ ಕ್ರೇಟುಗಳನ್ನು ಮೂಸಿ ನೋಡಿದರು. ಏನೂ ಸಿಗಲಿಲ್ಲ.

ನಮ್ಮದು ಮುಂಬೈಯ ಚೆಂಬೂರಿನ ಹಳೇ ಹೌಸಿಂಗ್ ಸೊಸೈಟಿ, 56 ಮನೆ. ದಿನಕ್ಕೆ 35-40 ಕಿಲೋ ಹಸಿ ಕಸ. 100 ಕಿಲೋ ದಾಟಿದ ಸೊಸೈಟಿಗಳು ಹಸಿ ಕಸವನ್ನು ತಮ್ಮಲ್ಲೇ ವಿಲೇವಾರಿ ಮಾಡಬೇಕು ಎಂದು 2017ರಲ್ಲಿ ಪಾಲಿಕೆ ಹೇಳಿದಾಗ ನಾವು ಲೆಕ್ಕಕ್ಕೇ ಬರಲಿಲ್ಲ. ರೂಲ್ ಇಲ್ಲದ ಮೇಲೆ ಈ ಉಸಾಬರಿ ಯಾಕೆ ಅಂತ ಮೀಟಿಂಗಿನಲ್ಲಿ ಕೇಳಿದರು. ಗೊಬ್ಬರಕ್ಕೆ ಹೊರಟ ನಾವು ಏಳು ಜನ, ಎಲ್ಲರಿಗಿಂತ ದೊಡ್ಡವಳಾದ ನನಗೇ ಆಗ 20. ಆದರೆ 2016ರ ಜನವರಿ ಕೊನೆಗೆ ಊರಿನ ಕಸ ಸುರಿಯುತ್ತಿದ್ದ ದೇವನಾರ್ ಡಂಪಿಂಗ್ ಗ್ರೌಂಡಿಗೆ ಬೆಂಕಿ ಬಿದ್ದದ್ದು ನನಗೆ ನೆನಪಿದೆ. ಹೊಗೆಗೆ ಕಿಟಕಿಗೆ ಒದ್ದೆ ಸೀರೆ ಕಟ್ಟಿಕೊಂಡು ಮಲಗಿದ್ದೆವು.

ಮೊದಲ ತಪ್ಪು, ಗೊಬ್ಬರ ಮಾಡುವ ಮಿಷನ್. ಬಾಡಿಗೆ, ಡೆಪಾಸಿಟ್ ಎಲ್ಲ ಸೇರಿ ಹತ್ತಿರ ಹತ್ತಿರ 40 ಸಾವಿರ, ಗಣೇಶೋತ್ಸವದಲ್ಲಿ ಉಳಿದ ದುಡ್ಡು. 24 ಗಂಟೆಯಲ್ಲಿ ಗೊಬ್ಬರ ಅಂದಿದ್ದರು. ಸಿಕ್ಕಿದ್ದು ಸೀದ ಹಿಟ್ಟಿನಂಥ ಪುಡಿ. ಕುಂಡಕ್ಕೆ ಹಾಕಿ ನೀರು ಹೊಯ್ದರೆ ಮತ್ತೆ ಅದೇ ನಾತ! ಕಸ ಕೊಳೆತೇ ಇರಲಿಲ್ಲ, ಸುಮ್ನೆ ಒಣಗಿತ್ತು. ಡೆಪಾಸಿಟ್ ಅರ್ಧ ವಾಪಸ್ ಬಂತು.

ಎರಡನೇ ವರ್ಷ ಕ್ರೇಟು, ಕಸದ ಜೊತೆ ಬೆರೆಸಲು ಕೊಕೊಪೀಟು, ಅಂದರೆ ತೆಂಗಿನ ನಾರಿನ ಪುಡಿ. ಮೇ ತನಕ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಕೊಕೊಪೀಟು ನೀರು ಕುಡಿದು ಮುದ್ದೆಯಾಯಿತು, ಒಳಗೆ ಗಾಳಿ ಆಡಲಿಲ್ಲ. ಕೆಳಗಿನಿಂದ ಕಪ್ಪು ನೀರು. ಒಂದು ಬೆಳಿಗ್ಗೆ ಹುಳಗಳು ಲಿಫ್ಟಿನ ಬಾಗಿಲ ತನಕ ಹೋಗಿದ್ದವು. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಮರಿಗಳು, ಕಚ್ಚಲ್ಲ, ಕಸವನ್ನೇ ತಿನ್ನುತ್ತವೆ ಅಂತ ಗ್ರೌಂಡ್ ಫ್ಲೋರಿನ ಆಂಟಿಗೆ ಹೇಳಿ ನೋಡಿ! ಅದರ ಮೇಲೆ ಕೊಕೊಪೀಟಿಗೇ ತಿಂಗಳಿಗೆ 2,000 ದಾಟುತ್ತಿತ್ತು.

ಆಗ ಕಾರ್ಕಳದಿಂದ ಅಜ್ಜಿ ಬಂದಿದ್ದರು. "ಎಂತ ಮಾರಾಯ್ತಿ, ಮಳೆ ಬಂದ ಮೇಲೆ ಒಣಗಿದ್ದನ್ನು ಹುಡುಕುದಾ? ನಾವು ಬೇಸಗೆಯಲ್ಲೇ ತರಗೆಲೆ ಗುಡಿಸಿ ಹಟ್ಟಿಗೆ ಕೂಡಿಡ್ತಿದ್ದೆವು" ಎಂದರು. ಕೊಕೊಪೀಟಿನ ಬದಲು ಒಣ ಎಲೆ, ಅಷ್ಟೇ ವಿಷಯ.

ಫೆಬ್ರವರಿಯಿಂದ ಭಾನುವಾರ ಭಾನುವಾರ ಗುಡಿಸಿದೆವು. ಮೂಲೆಯ ಉಡುಪಿ ಹೋಟೆಲಿನ ಅಣ್ಣ ಖಾಲಿ ಅಕ್ಕಿ ಚೀಲ ಪುಕ್ಕಟೆ ಕೊಟ್ಟರು. ರಸ್ತೆ ಗುಡಿಸುವವರಿಗೆ ಚಹಾ, ವಡಾ ಪಾವ್ ಕೊಟ್ಟ ಮೇಲೆ ಅವರೇ ಗುಟ್ಕಾ ಚೀಟಿ ಆರಿಸಿ ಎಲೆ ತಂದುಕೊಡತೊಡಗಿದರು. ಏಪ್ರಿಲ್ ಕೊನೆಗೆ ಸುಮಾರು 140 ಚೀಲ, ಟೆರೇಸಿನ ತಗಡಿನ ಕೆಳಗೆ. ತಗಡಿಗೆ ಮೂರು ಸಾವಿರ ಚಿಲ್ಲರೆ ಆಯಿತು. ರೇನ್ ಟ್ರೀ ಎಲೆ ಎಲ್ಲಕ್ಕಿಂತ ಒಳ್ಳೆಯದು, ಸಣ್ಣದು. ಬಾದಾಮಿ ಎಲೆ ಇಡಿಯಾಗಿ ಹಾಕಿದರೆ ತಟ್ಟೆ ಮೇಲೆ ತಟ್ಟೆ ಇಟ್ಟ ಹಾಗೆ ಅಂಟಿಕೊಳ್ಳುತ್ತದೆ. ಚೀಲದಲ್ಲೇ ಪುಡಿ ಮಾಡಬೇಕು. ಸೊಸೈಟಿಯ ಚಿಕ್ಕ ಮಕ್ಕಳನ್ನು ಚೀಲದ ಮೇಲೆ ಕುಣಿಯಲು ಬಿಟ್ಟೆವು, ಕೆಲಸ ಮುಗಿಯಿತು.

ಬೇಸಿಗೆಯಲ್ಲಿ ಒಂದು ಬಕೆಟ್ ಕಸಕ್ಕೆ ಒಂದು ಬಕೆಟ್ ಎಲೆ, ಮಳೆಯಲ್ಲಿ ಎರಡು. ಕ್ರೇಟಿನೊಳಗೆ ಕಬ್ಬಿಣದ ಸರಳು ಚುಚ್ಚಿಟ್ಟು ಹತ್ತು ನಿಮಿಷ ಬಿಟ್ಟು ತೆಗೆದರೆ ಬಿಸಿಗೆ ಕೈಯಲ್ಲಿ ಹಿಡಿಯಲು ಆಗಬಾರದು. ಥರ್ಮಾಮೀಟರ್ ಬೇಡ. ಕಸ ಬೇಗ ಕೊಳೆಯಲಿ ಅಂತ ಹುಳಿ ಮಜ್ಜಿಗೆ, ಬೆಲ್ಲ ಚಿಮುಕಿಸುವುದು ಎಲ್ಲರಿಗೂ ಗೊತ್ತು. ಅಜ್ಜಿ ಇನ್ನೊಂದು ಹಾಕಿಸಿದರು. ಅದು ಬೇಕಾದವರು ಒಂದು ಭಾನುವಾರ ಪೊರಕೆ ಹಿಡಿದು ಬನ್ನಿ, ಹೇಳುತ್ತೇನೆ.

ಈಗ 45-50 ದಿನಕ್ಕೆ ಒಂದು ಕ್ರೇಟು ತಯಾರು. ತಿಂಗಳಿಗೆ 150 ಕಿಲೋ ಆಸುಪಾಸು. ಕಿಲೋಗೆ 20 ರೂಪಾಯಿ, ಚೇರ್ಮನ್ ಅಂಕಲ್‌ಗೂ ಅದೇ ರೇಟು.

ಹೋಟೆಲಿನ ಕಾಫಿ ಚರಟವನ್ನೂ ಹಾಕಿ ನೋಡಿದೆವು. ದಿನಕ್ಕೆ ಅರ್ಧ ಬಕೆಟ್ ಆದರೆ ಕಾವು ಬೇಗ ಏರುತ್ತದೆ, ಜಾಸ್ತಿಯಾದರೆ ಗಟ್ಟಿ ಉಂಡೆ. ಗಣೇಶನ ಹಾರಗಳಲ್ಲಿ ಹೂವಿಗಿಂತ ನೈಲಾನ್ ದಾರದ್ದೇ ಕಾಟ, ಬಿಡಿಸಿ ಬಿಡಿಸಿ ಬೆರಳು ಕುಯ್ದುಕೊಂಡಿತು. ಎಳನೀರು ಬೊಂಡದ ಸಿಪ್ಪೆಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಕತ್ತಿಯಲ್ಲಿ ನಾಲ್ಕು ಹೋಳು ಮಾಡಿ ಹಾಕಿ ಆರು ತಿಂಗಳಾಯಿತು, ಹಾಕಿದ ಹಾಗೇ ಇದೆ.