ನೆಲಮಂಗಲದ ಸೈಟಿನಲ್ಲಿ ನಿಂತ ಹಾಯಿದೋಣಿ: ನನ್ನ ಅನುಭವ

ಬೆಂಗಳೂರಿನಲ್ಲಿ ಸಮುದ್ರ ಇಲ್ಲ ಅನ್ನೋದು ನನಗೂ ಗೊತ್ತು. ಆದರೂ ಹೋದ ಬೇಸಿಗೆಯಲ್ಲಿ ನಮ್ಮ 26 ಅಡಿಯ ಹಾಯಿದೋಣಿಯನ್ನು ಮಂಗಳೂರಿನಿಂದ ಲಾರಿಯಲ್ಲಿ ತಂದು, ನೆಲಮಂಗಲದ ಹತ್ತಿರ ಭಾವನ ಖಾಲಿ ಸೈಟಿನಲ್ಲಿ ಐದು ತಿಂಗಳು ನಿಲ್ಲಿಸಿಕೊಂಡಿದ್ದೆವು. ಪಕ್ಕದ ಮನೆ ಅಜ್ಜಿ ಮೊದಲ ದಿನವೇ ಕೇಳಿದರು, "ಏನಪ್ಪಾ, ಈ ಸಲ ಅಷ್ಟೊಂದು ಮಳೆ ಬರುತ್ತಾ?"

ಹಲಸೂರು ಕೆರೆಯಲ್ಲಿ ಎಂಇಜಿಯವರ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಹಾಯಿದೋಣಿ ನೋಡಿ ಹತ್ತಿದ ಹುಚ್ಚು ಇದು. ಮೂವರು ಗೆಳೆಯರು ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ ದೋಣಿ ತಗೊಂಡೆವು. ತೂಕ ಸುಮಾರು 2.4 ಟನ್, ಅದರಲ್ಲಿ ಒಂದು ಟನ್ ಬರೀ ಕೀಲ್. ಕೀಲ್ ಅಂದ್ರೆ ಹೊಟ್ಟೆಯ ಕೆಳಗೆ ಮೀನಿನ ರೆಕ್ಕೆ ಥರ ನೇತಾಡುವ ಎರಕದ ಕಬ್ಬಿಣ. ನೀರೊಳಗಿನ ಭಾಗದ ಫೈಬರಿನಲ್ಲಿ ಗುಳ್ಳೆ ಎದ್ದಿತ್ತು. ಅದನ್ನು ಉಜ್ಜಿ, ಒಣಗಿಸಿ, ಎಪಾಕ್ಸಿ (ನೀರು ಒಳಗಿಳಿಯದ ಲೇಪ) ಹಾಕಬೇಕು. ಮಂಗಳೂರಿನ ಮಳೆಗಾಲದಲ್ಲಿ ಬಟ್ಟೆನೇ ಒಣಗಲ್ಲ, ಇನ್ನು ಫೈಬರ್ ಎಲ್ಲಿ ಒಣಗುತ್ತೆ? ಅದಕ್ಕೇ ಇಲ್ಲಿಗೆ ತಂದದ್ದು.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆ ನಿಷೇಧ. ಆ ಹೊತ್ತಿಗೆ ಬೋಟುಗಳೆಲ್ಲ ದಡ ಹತ್ತುವುದರಿಂದ ಕ್ರೇನ್‌ನವರು ಕೈಗೆ ಸಿಗಲ್ಲ. ನಾವು ಮೇ ಮೊದಲ ವಾರವೇ ಎತ್ತಿಸಿದೆವು. ನೀರು, ಡೀಸೆಲ್ ಟ್ಯಾಂಕ್ ಖಾಲಿ ಮಾಡಿ, ಮಾಸ್ಟ್ (ಹಾಯಿ ಕಟ್ಟುವ ಕಂಬ) ಇಳಿಸಿ, ಹಾಯಿ ಬಿಚ್ಚಿ, ಹಗುರ ಮಾಡಿಕೊಂಡಿದ್ದೆವು.

ಬಂದದ್ದು ಹೈಡ್ರಾ ಕ್ರೇನ್. ಆಪರೇಟರ್ ಹೇಳಿದ್ದು, "ಎಂತ ಹೆದರಿಕೆ ಮಾರಾಯ್ರೆ, 14 ಟನ್ನಿನ ಗಾಡಿ ಇದು." ಅದು ಬೂಮ್, ಅಂದ್ರೆ ಕ್ರೇನಿನ ಉದ್ದ ತೋಳು, ಪೂರ್ತಿ ಒಳಗಿದ್ದು, ಭಾರ ಕ್ರೇನಿನ ಮೂಗಿನ ಹತ್ತಿರವೇ ಇದ್ದಾಗಿನ ಲೆಕ್ಕ. ದಕ್ಕೆಯ (ಬೋಟು ನಿಲ್ಲುವ ಕಟ್ಟೆಯ) ಅಂಚಿನಿಂದ ಆಚೆಗೆ ಬೂಮ್ ಚಾಚಿದರೆ ಅದೇ ಗಾಡಿ ಎತ್ತುವುದು ಅದರಲ್ಲಿ ಸಣ್ಣ ಪಾಲು. ಎಷ್ಟು ಚಾಚಿದರೆ ಎಷ್ಟು ಎತ್ತಬಹುದು ಅನ್ನುವ ಚಾರ್ಟ್ ಕ್ಯಾಬಿನ್ನಿನಲ್ಲಿತ್ತು, ಅದನ್ನು ತೆಗೆಸಿ ನೋಡಿದ ಮೇಲೆ, ಅವರೇ ಗಾಡಿಯನ್ನು ಇನ್ನೂ ಹತ್ತಿರ ತಂದರು.

ದೋಣಿಯ ಹೊಟ್ಟೆಯಡಿ ಹಾಕಿ ಎತ್ತುವ ಬೆಲ್ಟು ಎರಡು, ಹಳದಿ ಬಣ್ಣದವು. ನೇರಳೆ ಒಂದು ಟನ್, ಹಸಿರು ಎರಡು, ಹಳದಿ ಮೂರು ಅಂತ ಬಣ್ಣದಲ್ಲೇ ಗೊತ್ತಾಗುತ್ತೆ. ಆದರೆ ಆ ಸಂಖ್ಯೆ ಬೆಲ್ಟು ನೇರ ನಿಂತಾಗಿನದು. ಬೆಲ್ಟಿನ ಎರಡೂ ಕಾಲನ್ನು ಅಗಲಿಸಿ ಎತ್ತುವಾಗ ನೆಲಕ್ಕೆ 60 ಡಿಗ್ರಿ ಇದ್ದರೆ ಒಂದೊಂದು ಕಾಲಿಗೆ ಭಾರದ ಶೇ 58ರಷ್ಟು ಬೀಳುತ್ತೆ, 30 ಡಿಗ್ರಿಗೆ ಮಲಗಿದರೆ ಒಂದೊಂದಕ್ಕೂ ಪೂರ್ತಿ ಭಾರ. ಸಾಲದ್ದಕ್ಕೆ ದೋಣಿಯ ಎರಡು ಅಂಚನ್ನೂ ಒಳಕ್ಕೆ ಹಿಸುಕುತ್ತೆ. ಅದಕ್ಕೇ ಮೇಲೆ ದೋಣಿಯ ಅಗಲಕ್ಕಿಂತ ಸ್ವಲ್ಪ ಉದ್ದದ ಪೈಪು ಅಡ್ಡ ಕೊಟ್ಟು, ಬೆಲ್ಟು ನೇರವಾಗಿ ಇಳಿಯುವ ಹಾಗೆ ಮಾಡಿಸಿದೆವು. ಹಿಂದಿನ ಬೆಲ್ಟು ಪ್ರೊಪೆಲರ್ ಶಾಫ್ಟಿಗೆ ತಾಗಬಾರದು. ಮುಂದಿನದು ಮೂತಿಯ ಕಡೆ ಜಾರುತ್ತೆ, ಅಲ್ಲಿ ದೋಣಿ ಸಣ್ಣಗಾಗುತ್ತಲ್ವಾ, ಹಾಗಾಗಿ ಎರಡನ್ನೂ ಉದ್ದಕ್ಕೆ ಹಗ್ಗದಿಂದ ಒಂದಕ್ಕೊಂದು ಕಟ್ಟಲೇಬೇಕು. ಒಂದು ಗೇಣು ಎತ್ತಿಸಿ ನಿಲ್ಲಿಸಿದೆವು, ಮೂತಿ ತಗ್ಗಿತ್ತು, ಇಳಿಸಿ ಬೆಲ್ಟು ಸರಿಸಿ ಮತ್ತೆ ಎತ್ತಿಸಿದೆವು. ಮೂರನೇ ಸಲಕ್ಕೆ ಸರಿಹೋಯಿತು. ಬೆಲ್ಟು ಕೂತ ಜಾಗಕ್ಕೆ ಟೇಪ್ ಅಂಟಿಸಿದ್ದೇವೆ, ಮುಂದಿನ ಸಲ ಈ ಗೋಳು ಬೇಡ. ದೋಣಿಯ ಹೊಟ್ಟೆಗೆ ಅಂಟಿದ್ದ ಚಿಪ್ಪನ್ನು ಹಸಿಯಾಗಿದ್ದಾಗಲೇ, ದಕ್ಕೆಯಲ್ಲೇ, ಪ್ರೆಷರ್ ವಾಷ್‌ನಲ್ಲಿ ಕೆರೆದು ತೆಗೆದೆವು. ಒಣಗಿದರೆ ಸಿಮೆಂಟು.

ಶಿರಾಡಿ ಘಾಟಿಯನ್ನು ಹಗಲಲ್ಲೇ ಹತ್ತಿದೆವು. ದಾರಿಯ ಕಥೆ ಇಷ್ಟೇ. ತಲೆನೋವು ಶುರುವಾದದ್ದು ಸೈಟಿಗೆ ಬಂದ ಮೇಲೆ.

ದೋಣಿ ನಿಲ್ಲಿಸುವಾಗ ಜನ ತಪ್ಪು ತಿಳಿಯುವುದು ಒಂದೇ ವಿಷಯ. ಸುತ್ತಲಿನ ಸ್ಟ್ಯಾಂಡುಗಳು ದೋಣಿಯನ್ನು ಹೊತ್ತಿರುತ್ತವೆ ಅಂದುಕೊಳ್ಳುತ್ತಾರೆ. ಇಲ್ಲ, ಹೊರುವುದು ಕೀಲ್. ಸ್ಟ್ಯಾಂಡು ಬರೀ ಬೀಳದ ಹಾಗೆ ಹಿಡಿದಿರುತ್ತೆ. ಸ್ಟ್ಯಾಂಡನ್ನು ಜೋರಾಗಿ ಬಿಗಿದರೆ ಆ ಜಾಗದಲ್ಲಿ ಫೈಬರ್ ಒಳಕ್ಕೆ ತಗ್ಗುತ್ತೆ. ಇದನ್ನು ಕಂಡುಹಿಡಿಯಲು ಸುಲಭ ಉಪಾಯ ಇದೆ: ದೋಣಿ ಒಳಗಿನ ಬೀರು ಬಾಗಿಲು ತೆಗೆದು ಮುಚ್ಚಿ ನೋಡಿ. ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಸಿಕ್ಕಿಹಾಕಿಕೊಂಡರೆ ಎಲ್ಲೋ ಜಾಸ್ತಿ ಬಿಗಿದಿದ್ದೀರಿ ಅಂತ ಲೆಕ್ಕ. ನಮಗೆ ಬಾತ್‌ರೂಮ್ ಬಾಗಿಲೇ ಹೇಳಿಕೊಟ್ಟಿತು.

ಸ್ಟ್ಯಾಂಡ್ ಮಾಡಿಸಿದ್ದು ಪೀಣ್ಯದ ಒಂದು ಚಿಕ್ಕ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ. ಮೂರು ಕಾಲಿನ ಪೈಪು, ಮೇಲೆ ತಿರುಗಿಸಿ ಏರಿಸಿ ಇಳಿಸುವ ಸ್ಕ್ವೇರ್ ಥ್ರೆಡ್ಡಿನ ದಪ್ಪ ರಾಡು, ತುದಿಯಲ್ಲಿ ಅತ್ತಿತ್ತ ವಾಲುವ ಪ್ಲೈವುಡ್ ಹಲಗೆ, ಅದಕ್ಕೆ ಹಳೇ ಕಾರ್ಪೆಟ್. ಮೂರು ಜೋಡಿ, ಮೂತಿಗೆ ಒಂದು, ಜೊತೆಗೆ ಸ್ಪೇರ್ ಒಂದು. ಆ ಸ್ಪೇರ್ ಯಾಕೆ, ದಂಡ ಅಂತ ಗೆಳೆಯರು ಜಗಳ ಆಡಿದ್ದರು. ಒಳಗೆ ಅಡ್ಡಗೋಡೆ ಇರುವ ಕಡೆಯೇ ಹಲಗೆ ತಾಗಬೇಕು, ಅಲ್ಲಿ ದೋಣಿ ಗಟ್ಟಿ. ಹೊರಗಿನಿಂದ ಸುತ್ತಿಗೆಯ ಮರದ ಹಿಡಿಯಿಂದ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತೆ. ದೋಣಿಯ ಹೊಟ್ಟೆ ದುಂಡಗಿರುವುದರಿಂದ ಸ್ಟ್ಯಾಂಡನ್ನು ಹೊರಕ್ಕೆ ತಳ್ಳುತ್ತಿರುತ್ತೆ. ಅದಕ್ಕೆ ಎಡಗಡೆಯದನ್ನೂ ಬಲಗಡೆಯದನ್ನೂ ಹೊಟ್ಟೆಯ ಕೆಳಗಿನಿಂದ ಚೈನ್ ಹಾಕಿ ಬಿಗಿಯಬೇಕು. ಚೈನ್ ಇಲ್ಲದ ಸ್ಟ್ಯಾಂಡನ್ನು ನಾನು ಸ್ಟ್ಯಾಂಡ್ ಅಂತ ಒಪ್ಪಲ್ಲ.

ಇಷ್ಟೆಲ್ಲ ತಿಳಿದ ನಾನು ನೆಲದ ವಿಷಯದಲ್ಲಿ ಎಡವಿದೆ. ಕೀಲ್ ಕೂರುವ ಜಾಗದಲ್ಲಿ ಮಣ್ಣು ತೆಗೆಸಿ, ಜಲ್ಲಿ ತುಂಬಿ, ದಮ್ಮಸ್ಸು ಮಾಡಿಸಿ, ಅಡ್ಡಕ್ಕೆ ದಪ್ಪ ಸ್ಲೀಪರ್ ಮರಗಳನ್ನು ಇಡಿಸಿದ್ದೆ. ಸ್ಟ್ಯಾಂಡುಗಳಿಗೆ ಭಾರ ಕಮ್ಮಿ ತಾನೇ ಅಂತ ಕೆಮ್ಮಣ್ಣಿನ ಮೇಲೆ ಸುಮ್ನೆ ಒಂದೊಂದು ಅಡಿಯ ಪ್ಲೈವುಡ್ ತುಂಡು ಹಾಕಿ ನಿಲ್ಲಿಸಿದೆ. ಬೇಸಿಗೆಯ ಕೆಮ್ಮಣ್ಣು ಕಲ್ಲಿನ ಹಾಗಿತ್ತು. ಮೇ ಮಧ್ಯದಲ್ಲಿ ಒಂದು ರಾತ್ರಿ ಗಾಳಿ, ಆಲಿಕಲ್ಲು, ಮಳೆ. ಬೆಳಗ್ಗೆ ಹೋಗಿ ನೋಡಿದರೆ ಎಡಗಡೆ ಹಿಂದಿನ ಸ್ಟ್ಯಾಂಡಿಗೂ ದೋಣಿಗೂ ನಡುವೆ ಬೆರಳು ತೂರುವಷ್ಟು ಸಂದು. ಸ್ಟ್ಯಾಂಡಿನ ಒಂದು ಕಾಲು ಕೆಸರಲ್ಲಿ ಇಳಿದಿತ್ತು. ಇನ್ನೊಂದು ಸ್ಟ್ಯಾಂಡಿಗೆ ಟಾರ್ಪಾಲಿನ ಹಗ್ಗ ಕಟ್ಟಿತ್ತು. ಕಟ್ಟಿದವನು ಬೇರೆ ಯಾರೂ ಅಲ್ಲ, ನಾನೇ, ಹಿಂದಿನ ಸಂಜೆ ಅವಸರದಲ್ಲಿ. ಗಾಳಿಗೆ ಟಾರ್ಪಾಲು ಉಬ್ಬಿದಾಗಲೆಲ್ಲ ಅದು ಸ್ಟ್ಯಾಂಡನ್ನು ಎಳೆದು ಎಳೆದು ಬಿಟ್ಟಿದೆ. ಹಿಡಿದು ನಿಲ್ಲಿಸಿದ್ದು ಚೈನ್.

ಮೊದಲು ಯಾರನ್ನೂ ದೋಣಿಯ ಹತ್ತಿರ ಬಿಡಲಿಲ್ಲ. ಸಡಿಲವಾದದ್ದನ್ನು ಮುಟ್ಟದೆ, ಅದರ ಪಕ್ಕದಲ್ಲೇ ಎರಡಡಿಯ ಚಪ್ಪಡಿ ಕಲ್ಲು ಹಾಸಿ ಸ್ಪೇರ್ ಸ್ಟ್ಯಾಂಡ್ ಕೊಟ್ಟು ಚೈನ್ ಬಿಗಿದೆವು. ಆಮೇಲೆ ಹಳೆಯದನ್ನು ತೆಗೆದು ಅದರಡಿಗೂ ಚಪ್ಪಡಿ ಹಾಕಿದೆವು. ಹೀಗೆ ಒಂದಾದ ಮೇಲೆ ಒಂದು, ಏಳಕ್ಕೂ. ಪೂರ್ತಿ ದಿನ ಹಿಡಿಯಿತು. ಪೇಂಟ್ ಮಾಡುವಾಗ ಹಲಗೆಯ ಹಿಂದಿನ ಜಾಗ ಸಿಗಬೇಕಾದರೂ ಇದೇ ಕ್ರಮ, ಸ್ಪೇರ್ ಕೊಟ್ಟ ಮೇಲೆಯೇ ಒಂದನ್ನು ತೆಗೆಯುವುದು. ಸ್ಪೇರ್ ದಂಡ ಅಂದವರು ಆಮೇಲೆ ಬಾಯಿ ತೆಗೆಯಲಿಲ್ಲ.

ಟಾರ್ಪಾಲನ್ನು ದೋಣಿಯ ಸುತ್ತವೇ ಹಗ್ಗ ತಂದು ಕಟ್ಟಿದೆವು. ಒಳಗೆ ಮಳೆನೀರು ನಿಲ್ಲದ ಹಾಗೆ ತಳದ ಬಿರಡೆ ತೆಗೆದಿಟ್ಟೆವು. ಒಂದು ಘನ ಮೀಟರ್ ನೀರೆಂದರೆ ಒಂದು ಟನ್, ಅದೂ ವಾಲಿದ ಕಡೆಗೇ ಓಡುವ ಟನ್. ಸೈಟಿನ ಸುತ್ತ ಒಂದು ಸಣ್ಣ ಚರಂಡಿ ತೋಡಿಸಿದೆವು. ಮಳೆ ಬಂದ ಮರುದಿನ ಬೆಳಗ್ಗೆ ಒಂದೊಂದು ಸ್ಟ್ಯಾಂಡಿನ ಹಿಡಿಯನ್ನೂ ಕೈಯಲ್ಲಿ ತಿರುಗಿಸಿ ನೋಡುವ ಕೆಲಸ ಭಾವನದು. ಒಂದು ದಿನ ಫೋನ್ ಮಾಡಿ, "ಅಲ್ಲ ಕಣೋ, ಪೇಂಟ್ ಹುಡುಗರು ಚೈನ್ ಮೇಲೆ ಬಟ್ಟೆ ಒಣಗಿಸಿದ್ದಾರೆ, ಪರವಾಗಿಲ್ವಾ?" ಅಂದರು. ಚೈನ್ ಬಿಚ್ಚದಿದ್ದರೆ ಏನು ಬೇಕಾದರೂ ಒಣಗಿಸಲಿ ಅಂದೆ.

ಅಕ್ಟೋಬರ್‌ನಲ್ಲಿ ಹೈಡ್ರಾ ಬಂದು ದೋಣಿ ಎತ್ತಿದಾಗ ಸ್ಲೀಪರ್ ಮರಗಳ ಮೇಲೆ ಕೀಲ್‌ನ ಅಚ್ಚು ಅರ್ಧ ಇಂಚು ಇಳಿದಿತ್ತು. ಅದರಲ್ಲಿ ಒಂದನ್ನು ಭಾವ ಗೇಟಿನ ಪಕ್ಕ ಎರಡು ಕಲ್ಲಿನ ಮೇಲೆ ಇಟ್ಟು ಬೆಂಚು ಮಾಡಿದ್ದಾರೆ. ಪಕ್ಕದ ಮನೆ ಅಜ್ಜಿ ಸಂಜೆ ಹೊತ್ತು ಅಲ್ಲೇ ಕೂರುತ್ತಾರೆ.