ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಹಾರಾಟದ ಅವಧಿಯನ್ನು ಲೆಕ್ಕ ಹಾಕುವ ಬಗೆ

ಲೆಕ್ಕಕ್ಕೆ ಕೂರುವ ಮೊದಲು ನಗರವನ್ನಲ್ಲ, ನಿಲ್ದಾಣವನ್ನು ಗೊತ್ತುಮಾಡಿಕೊಳ್ಳಬೇಕು. ಲಂಡನ್, ನ್ಯೂಯಾರ್ಕ್‌ನಂತಹ ನಗರಗಳಿಗೆ ಒಂದಕ್ಕಿಂತ ಹೆಚ್ಚು ವಿಮಾನ ನಿಲ್ದಾಣಗಳಿರುವುದರಿಂದ, ಟಿಕೆಟ್‌ನಲ್ಲಿರುವ ಮೂರಕ್ಷರದ ಸಂಕೇತವನ್ನು ನೋಡಿಕೊಳ್ಳುವುದು ಕ್ಷೇಮ. ಎಲ್‌ಎಚ್‌ಆರ್ ಎಂದರೆ ಲಂಡನ್ನಿನ ಹೀಥ್ರೂ, ಜೆಎಫ್‌ಕೆ ಎಂದರೆ ನ್ಯೂಯಾರ್ಕಿನ ಕೆನಡಿ ನಿಲ್ದಾಣ. ಇವೆರಡನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಗೋಡೆಯ ನಕಾಶೆಯ ಮೇಲೆ ಅಳತೆಪಟ್ಟಿಯಿಟ್ಟು ಈ ದೂರವನ್ನು ಅಳೆಯಬಾರದು. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದಾಗ ಧ್ರುವಗಳ ಕಡೆಯ ಪ್ರದೇಶ ಹಿಗ್ಗಿ ಕಾಣುತ್ತದೆ. ಹಾಗಾಗಿ ಅಲ್ಲಿ ನೇರವಾಗಿ ಕಾಣುವ ಗೆರೆ ನಿಜಕ್ಕೂ ಸುತ್ತುದಾರಿ. ಅದರ ಬದಲು ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಲಂಡನ್ನಿನಿಂದ ತುಸು ಉತ್ತರಕ್ಕೆ ವಾಲಿ, ಐರ್ಲೆಂಡನ್ನೂ ಅಟ್ಲಾಂಟಿಕ್ ಸಾಗರವನ್ನೂ ದಾಟಿ, ನ್ಯೂಫೌಂಡ್‌ಲ್ಯಾಂಡ್ ಮೇಲಿಂದ ನೈಋತ್ಯಕ್ಕೆ ಇಳಿದು ನ್ಯೂಯಾರ್ಕ್ ಸೇರುತ್ತದೆ. ಇದೇ ಮಹಾವೃತ್ತದ (ಭೂಮಿಯನ್ನು ಸರಿಯಾಗಿ ಎರಡು ಅರ್ಧ ಮಾಡುವ ವೃತ್ತದ) ದಾರಿ, ಎಲ್ಲಕ್ಕಿಂತ ಹತ್ತಿರದ ದಾರಿ. ಕಣ್ಣಾರೆ ಒಮ್ಮೆ ಇದನ್ನು ಕಂಡವರಿಗೆ ಮುಂದಿನ ಲೆಕ್ಕ ಸುಲಭವಾಗುತ್ತದೆ.

ಈಗ ಈ ದಾರಿಯ ಉದ್ದವನ್ನು ಲೆಕ್ಕ ಹಾಕೋಣ. ಹೀಥ್ರೂ 51.47 ಡಿಗ್ರಿ ಉತ್ತರ ಅಕ್ಷಾಂಶ, 0.45 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ, ಕೆನಡಿ 40.64 ಉತ್ತರ, 73.78 ಪಶ್ಚಿಮದಲ್ಲಿದೆ. ಎರಡು ಅಕ್ಷಾಂಶಗಳ ಸೈನ್‌ಗಳನ್ನು (ಕ್ಯಾಲ್ಕ್ಯುಲೇಟರ್‌ನ sin ಗುಂಡಿ; ಕೊಸೈನ್‌ಗೆ cos) ಗುಣಿಸಿದರೆ 0.5095 ಬರುತ್ತದೆ. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸವಾದ 73.33 ಡಿಗ್ರಿಯ ಕೊಸೈನ್‌ನಿಂದ ಮತ್ತೆ ಗುಣಿಸಿದರೆ 0.1356. ಕೂಡಿಸಿದರೆ 0.6451, ಇದು 49.83 ಡಿಗ್ರಿಯ ಕೊಸೈನ್, ಅಂದರೆ ಭೂಮಿಯ ಕೇಂದ್ರದಲ್ಲಿ ಎರಡು ನಿಲ್ದಾಣಗಳ ನಡುವಿನ ಕೋನ ಅಷ್ಟು. ಮಹಾವೃತ್ತದ ಪ್ರತಿ ಡಿಗ್ರಿಗೆ 111.19 ಕಿಲೋಮೀಟರ್‌ನಂತೆ ದೂರ ಸುಮಾರು 5,540 ಕಿಲೋಮೀಟರ್. ಹಡಗು, ವಿಮಾನಗಳ ದೂರ ಅಳೆಯುವ ನಾಟಿಕಲ್ ಮೈಲಿಯಲ್ಲಿ ಬೇಕಾದರೆ 1.852ರಿಂದ ಭಾಗಿಸಿ. ಕ್ಯಾಲ್ಕ್ಯುಲೇಟರ್ ಡಿಗ್ರಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ರೇಡಿಯನ್‌ನಲ್ಲಿದ್ದರೆ ಉತ್ತರ ಪೂರ್ತಿ ಕೆಡುತ್ತದೆ.

ದೊಡ್ಡ ಜೆಟ್ ವಿಮಾನಗಳು ಎತ್ತರ ತಲುಪಿದ ಮೇಲೆ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ. ದೂರವನ್ನು ಇದರಿಂದ ಭಾಗಿಸಿ, ಏರುವಾಗ ಮತ್ತು ಇಳಿಯುವಾಗ ವೇಗ ಕಡಿಮೆಯಿರುವುದಕ್ಕಾಗಿ ಅರ್ಧ ಗಂಟೆ ಸೇರಿಸಿದರೆ 6 ಗಂಟೆ 40 ನಿಮಿಷ ಸಿಗುತ್ತದೆ. ಆದರೆ ಗಾಳಿಯನ್ನು ಮರೆತರೆ ಈ ಲೆಕ್ಕ ನಿಲ್ಲುವುದಿಲ್ಲ. ಅಟ್ಲಾಂಟಿಕ್ ಮೇಲೆ ಜೆಟ್ ಪ್ರವಾಹವು, ಅಂದರೆ ಬಹಳ ಎತ್ತರದಲ್ಲಿನ ವೇಗದ ಗಾಳಿಯು, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದರ ಸರಾಸರಿ ಬಲವನ್ನು ಗಂಟೆಗೆ 100 ಕಿಲೋಮೀಟರ್ ಎಂದಿಟ್ಟುಕೊಂಡರೆ, ನ್ಯೂಯಾರ್ಕಿಗೆ ಹೋಗುವಾಗ ಸುಮಾರು 7 ಗಂಟೆ 25 ನಿಮಿಷ, ಹಿಂದಿರುಗುವಾಗ 6 ಗಂಟೆಯ ಆಸುಪಾಸು ಆಗುತ್ತದೆ. ಒಂದೇ ದೂರಕ್ಕೆ ಎರಡು ಅವಧಿಗಳಿರುವುದು ಇದಕ್ಕಾಗಿಯೇ.

ವೇಳಾಪಟ್ಟಿಯ ಅವಧಿ ಇನ್ನೂ ಹೆಚ್ಚಿರುತ್ತದೆ, ಏಕೆಂದರೆ ಅದು ವಿಮಾನ ಗೇಟು ಬಿಟ್ಟ ಕ್ಷಣದಿಂದ ಮತ್ತೊಂದು ಗೇಟಿಗೆ ಬಂದು ನಿಲ್ಲುವವರೆಗಿನ ಸಮಯ. ಜೊತೆಗೆ ಟಿಕೆಟ್‌ನಲ್ಲಿರುವ ಹೊರಡುವ, ತಲುಪುವ ವೇಳೆಗಳು ಆಯಾ ಊರಿನವು. ಬೆಳಿಗ್ಗೆ 11ಕ್ಕೆ ಲಂಡನ್ ಬಿಟ್ಟು ಮಧ್ಯಾಹ್ನ 2ಕ್ಕೆ ನ್ಯೂಯಾರ್ಕ್ ತಲುಪಿದರೆ ಪ್ರಯಾಣ 3 ಗಂಟೆಯದಲ್ಲ, 5 ಗಂಟೆಗಳ ವ್ಯತ್ಯಾಸ ಸೇರಿ 8 ಗಂಟೆಯದು. ಮಾರ್ಚ್ ತಿಂಗಳಲ್ಲಿ ಮತ್ತು ಅಕ್ಟೋಬರ್ ಕೊನೆಯಲ್ಲಿ ಎರಡು ದೇಶಗಳೂ ಬೇರೆ ಬೇರೆ ಭಾನುವಾರ ಗಡಿಯಾರ ಬದಲಿಸುವುದರಿಂದ, ಆ ನಡುವಿನ ದಿನಗಳಲ್ಲಿ 5ರ ಬದಲು 4 ಗಂಟೆ ಸೇರಿಸಬೇಕು.