ಬೆಂಕಿ ಆರಿದ ಮನೆ: ಒದ್ದೆ ಬಟ್ಟೆ ಕೊನೆಗೆ

ಬೆಂಕಿ ಆರಿದ ಮರುದಿನ ನೆಂಟರು, ಓಣಿಯವರು ಸೇರಿ ಬಕೆಟ್ಟು, ಬಟ್ಟೆ ಹಿಡಿದು ಗೋಡೆ ತೊಳೆಯಲು ನಿಲ್ಲುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಬೆಂಕಿ ಮುಟ್ಟದ ಖೋಲಿಯನ್ನೂ ಆ ಒದ್ದೆ ಬಟ್ಟೆ ಕೆಡಿಸುತ್ತದೆ. ಗೋಡೆಯ ಮೇಲೆ ಹಗುರಾಗಿ ಕೂತ ಮಸಿಗೆ ನೀರು ತಾಗಿದರೆ ಅದು ಸುಣ್ಣದೊಳಗೆ ಇಳಿಯುತ್ತದೆ, ಮತ್ತೆ ಹೊರಬರುವುದಿಲ್ಲ.

ಮೊದಲು ಒಳಗೆ ಹೋಗಬಹುದೇ ಎಂದು ನೋಡಿ. ಬರೀ ಮೇನ್ ಸ್ವಿಚ್ ಆಫ್ ಮಾಡಿದರೆ ಸಾಲದು, ಹೆಸ್ಕಾಂ ಲೈನ್‌ಮನ್ ಕಂಬದಲ್ಲೇ ಸಂಪರ್ಕ ಬಿಚ್ಚಲಿ. ಕಾವು ತಾಗಿದ ಗ್ಯಾಸ್ ಸಿಲಿಂಡರನ್ನು ಅಲುಗಾಡಿಸದೆ ವಿತರಕರಿಗೆ ಹೇಳಿ. ವಾಸನೆ ಬರುತ್ತಿದ್ದರೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ನಮ್ಮ ಕಡೆ ದೊಡ್ಡ ಅಪಾಯ ಇರುವುದು ತಲೆಯ ಮೇಲೆ. ವಿಜಯಪುರ, ಬಾಗಲಕೋಟೆಯ ಹಳೆಯ ಮನೆಗಳದು ಮಣ್ಣಿನ ಮಾಳಿಗೆ. ಮಣ್ಣು ಒಂದಡಿ ದಪ್ಪವಿದ್ದರೆ ಚದರ ಅಡಿಗೆ 45ರಿಂದ 50 ಕಿಲೋ ತೂಗುತ್ತದೆ, 10 ಅಡಿಗೆ 12 ಅಡಿಯ ಖೋಲಿಯ ಮೇಲೆ ಐದು ಟನ್ನಿಗೂ ಹೆಚ್ಚು. ಬೆಂಕಿ ಆರಿಸಲು ಹೊಡೆದ ನೀರನ್ನೂ ಆ ಮಣ್ಣು ಕುಡಿದಿರುತ್ತದೆ, ಕೆಳಗೆ ಜಂತಿಗಳು ಸುಟ್ಟು ಸಣ್ಣಗಾಗಿರುತ್ತವೆ. ಬೆಂಕಿಯ ದಿನ ನಿಂತ ಮಾಳಿಗೆ ಎರಡು ದಿನ ಬಿಟ್ಟು ಕುಸಿಯುವುದು ಇದಕ್ಕೇ. ಹೊಸ್ತಿಲ ಕಡೆಯಿಂದ ಒಂದೊಂದೇ ಆಸರೆ ಕೊಡುತ್ತ ಒಳಗೆ ಸಾಗಿ. ಮೇಲಿನ ಮಣ್ಣನ್ನು ತೆಗೆಯುವವರು ಮಾಳಿಗೆಯ ಮೇಲೆ ನಿಲ್ಲದೆ, ಗೋಡೆಯಿಂದ ಗೋಡೆಗೆ ಹಾಸಿದ ಹಲಗೆಯ ಮೇಲೆ ನಿಲ್ಲಬೇಕು.

ಕರಿ ಹಿಡಿದ ತೊಲೆಯೆಲ್ಲ ಹೋಯಿತೆಂದು ತಿಳಿಯಬೇಡಿ. ಮರ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್‌ನಂತೆ ಇದ್ದಿಲಾಗುತ್ತ ಹೋಗುತ್ತದೆ, ಸಾಗವಾನಿಯಂಥ ಗಟ್ಟಿ ಮರ ಇನ್ನೂ ನಿಧಾನ. ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ಬಡಿಗೇರನಿಂದ ಬಾಚಿಯಲ್ಲಿ ಕೆತ್ತಿಸಿ, ಹಸನಾದ ಮರ ಕಂಡಲ್ಲಿ ಅಳೆಯಿರಿ. ಅರ್ಧ ಗಂಟೆ ಉರಿದ ಆರಿಂಚಿನ ತೊಲೆಯಲ್ಲಿ ನಾಲ್ಕೂವರೆ ಇಂಚಿನ ಆಸುಪಾಸು ಉಳಿದಿರುತ್ತದೆ. ಭಾರ ತಡೆಯುತ್ತದೋ ಇಲ್ಲವೋ ಎಂಬುದನ್ನು ಎಂಜಿನಿಯರ್ ಹೇಳಲಿ. ತೆಳ್ಳನೆಯ ಜಂತಿಗಳನ್ನು ಮಾತ್ರ ಯೋಚಿಸದೆ ಬದಲಿಸಿ. ಗೋಡೆಯೊಳಗೆ ಹೊಕ್ಕ ತುದಿಯನ್ನು ಮರೆಯದೆ ನೋಡಿ, ಕೆಂಡ ಅಲ್ಲಿ ತಾಸುಗಟ್ಟಲೆ ಮುಚ್ಚಿಕೊಂಡಿರುತ್ತದೆ.

ಆರ್‌ಸಿಸಿ ಛತ್ತಾದರೆ ಬಣ್ಣ ಗಮನಿಸಿ. ಕಾಂಕ್ರೀಟು ನಸುಗೆಂಪಾಗಿದ್ದರೆ 300 ಡಿಗ್ರಿ ದಾಟಿ ಕಾದಿದೆ ಎಂದರ್ಥ. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಟಣ್ ಎನ್ನದೆ ಪೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಗೌಂಡಿಯನ್ನು ಕರೆದು ಗಿಲಾಯಿ ಹಚ್ಚಿ ಮುಚ್ಚಿಸಿಬಿಡಬೇಡಿ, ಮೊದಲು ಎಂಜಿನಿಯರಿಗೆ ತೋರಿಸಿ. ಒಡೆದ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಕಸಬರಿಗೆ ಆಡಿಸದೆ, ನೀರು ಚಿಮುಕಿಸಿ ಕೈಗವಸು ಹಾಕಿ ಎತ್ತಿಡಿ. ನೀರು ಮೊದಲು ಬೇಕಾದದ್ದು ಇಲ್ಲಿ ಮಾತ್ರ.

ಏನನ್ನೂ ಎಸೆಯುವ ಮುಂಚೆ ಖೋಲಿಖೋಲಿಯ ಫೋಟೋ ತೆಗೆಯಿರಿ. ಪೊಲೀಸ್ ಪಂಚನಾಮೆ, ಅಗ್ನಿಶಾಮಕ ಠಾಣೆಯ ವರದಿ ಎರಡೂ ಬೇಕು. ಪರಿಹಾರದ ಅರ್ಜಿ ತಹಶೀಲ್ದಾರರಿಗೆ. ವಿಮೆ ಇದ್ದರೆ ಸರ್ವೇಯರ್ ಬರುವತನಕ ಸುಟ್ಟ ಸಾಮಾನು ಅಂಗಳದಲ್ಲೇ ಇರಲಿ. ಮುಟ್ಟಿದರೆ ಉದುರುವಷ್ಟು ಸುಟ್ಟ ನೋಟುಗಳನ್ನು ಬ್ಯಾಂಕ್ ಶಾಖೆಯಲ್ಲಿ ತೆಗೆದುಕೊಳ್ಳುವುದಿಲ್ಲ, ರಿಸರ್ವ್ ಬ್ಯಾಂಕಿನ ಕಚೇರಿಗೇ ಹೋಗಬೇಕು. ಬಿಡಿಸಲು ಹೋಗದೆ, ಇದ್ದ ಹಾಗೇ ಡಬ್ಬಿಯಲ್ಲಿಡಿ.

ಇನ್ನು ಮಸಿ. ಎನ್95 ಮಾಸ್ಕು, ರಬ್ಬರ್ ಕೈಗವಸು ಇಲ್ಲದೆ ಕೈ ಹಾಕಬೇಡಿ, ಒದ್ದೆ ಬೂದಿ ಚರ್ಮ ಸುಡುತ್ತದೆ. ಒಂದು ಬಿಳಿ ಕಾಗದವನ್ನು ಗೋಡೆಗೆ ಮೆಲ್ಲಗೆ ಒತ್ತಿ ಎಳೆಯಿರಿ. ಕರಿ ಪುಡಿ ಉದುರಿದರೆ ಅದು ಕಟ್ಟಿಗೆ, ಕಾಗದ, ಹತ್ತಿಯ ಒಣ ಮಸಿ. ಕಾಡಿಗೆಯಂತೆ ಎಳೆದುಕೊಂಡರೆ ಎಣ್ಣೆ, ಪ್ಲಾಸ್ಟಿಕ್ಕಿನ ಜಿಡ್ಡು ಮಸಿ.

ಒಣ ಮಸಿಯನ್ನು ಮೇಲಿನಿಂದ ಕೆಳಗೆ ತೆಗೆಯಬೇಕು. ವ್ಯಾಕ್ಯೂಮ್ ಇದ್ದರೆ ಬಾಯಿಯನ್ನು ಗೋಡೆಗೆ ತಾಗಿಸದೆ ಹಿಡಿಯಿರಿ, ಇಲ್ಲದಿದ್ದರೆ ನಾಲ್ಕಿಂಚಿನ ಮೆತ್ತನೆಯ ಪೇಂಟ್ ಬ್ರಷ್ ಸಾಕು. ಆಮೇಲೆ ಒಣ ಸ್ಪಂಜಿನಿಂದ ಒಂದೇ ದಿಕ್ಕಿಗೆ ಎಳೆಯಿರಿ, ಉಜ್ಜಬೇಡಿ. ಸ್ಪಂಜಿನ ಮುಖ ಕಪ್ಪಾದಾಗ ಬ್ಲೇಡಿನಿಂದ ಆ ಪದರ ಕೊಯ್ದು ಹೊಸ ಮುಖ ಮಾಡಿಕೊಳ್ಳಿ.

ನೀರಿನ ಸರದಿ ಈಗ, ಜಿಡ್ಡು ಮಸಿಗೂ ಇದೇ. 10 ಲೀಟರ್ ಬಿಸಿನೀರಿಗೆ 150ರಿಂದ 200 ಗ್ರಾಂ ಬಟ್ಟೆ ಸೋಡಾ (ಅಡುಗೆ ಸೋಡಾ ಅಲ್ಲ). ತೊಳೆಯುವುದು ಕೆಳಗಿನಿಂದ ಮೇಲಕ್ಕೆ, ಛತ್ತು ಎಲ್ಲಕ್ಕಿಂತ ಕೊನೆಗೆ. ಮೇಲಿನಿಂದ ತೊಳೆದರೆ ಕೊಳೆನೀರು ಒಣಗೋಡೆಯ ಮೇಲೆ ಇಳಿದು ಬರೆ ಬೀಳುತ್ತದೆ, ಹಸಿಗೋಡೆಯ ಮೇಲೆ ಇಳಿದರೆ ಬೀಳುವುದಿಲ್ಲ. ಒಂದು ಗಜ ತೊಳೆದು, ತಿಳಿನೀರಿನಲ್ಲಿ ಒರೆಸಿ, ಮುಂದಕ್ಕೆ ಹೋಗಿ. ನೆಲದ ಶಹಾಬಾದ್ ಫರ್ಸಿ ಸುಣ್ಣಕಲ್ಲು, ಅದಕ್ಕೆ ಆ್ಯಸಿಡ್ ಹಾಕಿದರೆ ನುಣುಪು ಹೋಗಿ ಕಲ್ಲು ಉರುಟಾಗುತ್ತದೆ. ಆ್ಯಸಿಡ್ಡು, ಬ್ಲೀಚಿಂಗ್ ಪೌಡರ್ ಎರಡನ್ನೂ ಒಂದೆಡೆ ಸುರಿದರೆ ಬರುವುದು ಕ್ಲೋರಿನ್ ವಿಷಗಾಳಿ.

ಹೊಗೆ ಕುಡಿದ, ನೆನೆದ ಜೋಳದ ಚೀಲ ಉಳಿಸುವ ಆಸೆ ಬಿಡಿ. ಪ್ಲಾಸ್ಟಿಕ್ ಸುಟ್ಟ ಹೊಗೆಯಾದರೆ ಎತ್ತಿಗೂ ಹಾಕಬೇಡಿ. ಔಷಧಿ, ತೆರೆದ ಎಣ್ಣೆ, ಫ್ರಿಜ್ಜಿನಲ್ಲಿದ್ದುದು ಎಲ್ಲ ಹೊರಗೆ. ಹಿತ್ತಾಳೆ ಪಾತ್ರೆ ಹುಣಸೆಹಣ್ಣಿಗೆ ಬೆಳ್ಳಗಾಗುತ್ತದೆ, ಆದರೆ ಒಳಗಿನ ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತದೆ. ಕಲಾಯಿ ಮಾಡಿಸದೆ ಅದರಲ್ಲಿ ಹುಳಿ ಅಡುಗೆ ಮಾಡಬೇಡಿ. ಬೆಂಕಿಯಲ್ಲಿದ್ದ ಕುಕ್ಕರ್ ಗುಜರಿಗೆ. ಇಳಕಲ್ ಸೀರೆಯನ್ನು ಹೊರಗೆ ಝಾಡಿಸಿ, ನೆರಳಿನಲ್ಲಿ ಎರಡು ಮೂರು ದಿನ ಗಾಳಿಗೆ ಹಾಕಿ. ರೇಷ್ಮೆಯ ಸೆರಗನ್ನು ಸೋಡಾ ತಿನ್ನುತ್ತದೆ, ಡ್ರೈಕ್ಲೀನಿಂಗಿಗೆ ಕೊಡಿ.

ವಾಯರ್ ನೋಡಲು ಚೆನ್ನಾಗಿದ್ದರೂ ನಂಬಬೇಡಿ. ಮನೆಯ ಪಿವಿಸಿ ವಾಯರ್ ತಾಳುವುದು 70 ಡಿಗ್ರಿ. ಮಡಿಚಿದಾಗ ಹೊದಿಕೆ ಬಿರಿದರೆ ಅಷ್ಟೂ ಕಿತ್ತು ಹೊಸದು ಎಳೆಸಿ. ಉಳಿದದ್ದಕ್ಕೆ ಎಲೆಕ್ಟ್ರಿಷಿಯನ್‌ನಿಂದ 500 ವೋಲ್ಟಿನ ಮೆಗ್ಗರ್ (ವಾಯರ್ ಹೊದಿಕೆಯ ತಡೆ ಅಳೆಯುವ ಮೀಟರ್) ಹಚ್ಚಿಸಿ, ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ಲೈನನ್ನು ಜೋಡಿಸಬಾರದು.

ಬಣ್ಣಕ್ಕೆ ಅವಸರ ಬೇಡ. ಏಪ್ರಿಲ್ ಬಿಸಿಲಿಗೆ ಗೋಡೆಯ ಮೇಲ್ಮೈ ಎರಡೇ ದಿನಕ್ಕೆ ಬೆಳ್ಳಗಾಗುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ, ಬೆಳಿಗ್ಗೆ ಒಳಮೈಯಲ್ಲಿ ಬೆವರು ಕಂಡರೆ ಕಾಯಿರಿ. ಮಣ್ಣಿನ ಗೋಡೆಯಾದರೆ ಮಸಿ ಇಳಿದ ಪದರ ಕೆರೆದು ಹೊಸ ಮಣ್ಣು ಮೆತ್ತಿ, ಸುಣ್ಣ ಹೊಡೆಯಿರಿ, ಆಯಿಲ್ ಬಣ್ಣ ಹಸಿಯನ್ನು ಒಳಗೇ ಕಟ್ಟಿಹಾಕುತ್ತದೆ. ಸಿಮೆಂಟ್ ಗಿಲಾಯಿಗೆ ನೇರ ಡಿಸ್ಟೆಂಪರ್ ಹೊಡೆದರೆ ಹಳದಿ ಕಲೆ, ಹೊಗೆ ವಾಸನೆ ಎರಡೂ ಮರಳುತ್ತವೆ. ಮೊದಲು ಆಯಿಲ್ ಪ್ರೈಮರ್, ಇಲ್ಲವೆ ಬಡಿಗೇರರು ಪಾಲಿಶ್‌ಗೆಂದು ಸ್ಪಿರಿಟ್‌ನಲ್ಲಿ ಕರಗಿಸುವ ಅರಗು. ಅತಿ ಕಪ್ಪಾಗಿದ್ದ ಮೂಲೆಯಲ್ಲಿ ಎರಡಡಿ ಜಾಗಕ್ಕೆ ಮಾತ್ರ ಪ್ರೈಮರ್, ಮೇಲೆ ಬಣ್ಣ ಹಚ್ಚಿ ಒಂದು ವಾರ ಬಿಡಿ. ಕಲೆ ಎದ್ದರೆ ಇನ್ನೊಂದು ಕೋಟು ಪ್ರೈಮರ್, ಏಳದಿದ್ದರೆ ಉಳಿದ ಗೋಡೆಗೆ ಕೈ ಹಚ್ಚಿ.